ಕ್ರೇನುಗಳ ಊರಲ್ಲಿ ಐದು ದಿನ

ಮೊದಲನೇ ದಿನ

ಎಲೆಕ್ಟ್ರಿಷಿಯನ್ ಒಬ್ಬನ ಹೆಸರಿಟ್ಟುಕೊಂಡ ವಿಮಾನ ನಿಲ್ದಾಣದಲ್ಲಿ ಇಳಿದೆವು. ಪೋಲೆಂಡಿನ ಉತ್ತರ ತುದಿ, ಬಾಲ್ಟಿಕ್ ಸಮುದ್ರದ ದಂಡೆ, ಊರು ಗ್ದಾನ್ಸ್ಕ್. ನಿಲ್ದಾಣಕ್ಕೆ ಲೆಖ್ ವವೆಂಸಾ ಹೆಸರು. ನಾನು ಅಷ್ಟು ವರ್ಷ 'ವಲೇಸಾ' ಅಂತಲೇ ಅಂದುಕೊಂಡಿದ್ದೆ, ಮಗಳು ತಿದ್ದಿದಳು. ಆತ ಆಮೇಲೆ ದೇಶದ ಅಧ್ಯಕ್ಷನಾದ, 1983ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು, ಎಲ್ಲ ಸರಿ. ಆದರೆ ಮೊದಲಿಗೆ ಇದೇ ಊರಿನ ಹಡಗು ಕಾರ್ಖಾನೆಯಲ್ಲಿ ವೈರು ಎಳೆಯುತ್ತಿದ್ದವನು. ರಾಜ, ಮಂತ್ರಿ, ಕವಿ ಯಾರನ್ನೂ ಬಿಟ್ಟು ಕೆಲಸಗಾರನೊಬ್ಬನ ಹೆಸರು ಇಷ್ಟು ದೊಡ್ಡ ಅಕ್ಷರದಲ್ಲಿ ನೋಡಿ ನನಗೆ ಸಣ್ಣಗೆ ಹೆಮ್ಮೆಯೇ ಆಯಿತು ಅನ್ನಿ.

ಹೆಮ್ಮೆಗೆ ಕಾರಣ ಇದೆ. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ ಇಓಟಿ ಕ್ರೇನ್ ಓಡಿಸಿದವನು ನಾನು. ಶೆಡ್ಡಿನ ಛಾವಣಿಗೆ ಹತ್ತಿರ, ಎರಡು ಹಳಿಗಳ ಮೇಲೆ ಅತ್ತಿತ್ತ ಓಡಾಡುತ್ತದಲ್ಲ, ಅದು. ಕೆಳಗೆ ನಿಂತ ಸ್ಲಿಂಗರ್, ಅಂದರೆ ಭಾರವನ್ನು ಹುಕ್ಕಿಗೆ ಬಿಗಿಯುವವನು, ಕೈಸನ್ನೆ ಮಾಡಬೇಕು, ಮೇಲೆ ಕ್ಯಾಬಿನ್ನಿನಲ್ಲಿ ಕೂತವನು ಅದನ್ನು ನೋಡಿ ಎತ್ತಬೇಕು, ಇಳಿಸಬೇಕು. ಶೆಡ್ಡಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ನನ್ನಾಕೆಗೂ ಆ ಸನ್ನೆಗಳೆಲ್ಲ ಬಾಯಿಪಾಠ. ಈ ಪ್ರಯಾಣಕ್ಕೆ ಅಂತ ನಾನು ಅಟ್ಟ ಹತ್ತಿ ಪೆಟ್ಟಿಗೆ ಇಳಿಸುವಾಗಲೂ ಕೆಳಗೆ ನಿಂತು ಬೆರಳು ತಿರುಗಿಸುತ್ತಾ ನಿರ್ದೇಶನ ಕೊಟ್ಟವಳು ಅವಳೇ.

ಇಳಿಸಿದ ಎರಡು ಪೆಟ್ಟಿಗೆಯಲ್ಲಿ ಒಂದು ನಮ್ಮ ಜೊತೆ ಬರಲಿಲ್ಲ. ನಡುವೆ ವಿಮಾನ ಬದಲಿಸಿದ ಊರಿನಲ್ಲೇ ಉಳಿದುಕೊಂಡಿತ್ತು. ಅದರಲ್ಲಿ ಸ್ವೆಟರ್, ಚಟ್ನಿಪುಡಿ, ಮಗಳಿಗೆ ತಂದ ಹಪ್ಪಳ. ಸೆಪ್ಟೆಂಬರ್ ಮೊದಲ ವಾರಕ್ಕೇ ಇಲ್ಲಿ ಸಂಜೆ ಚಳಿ. ನನ್ನಾಕೆ ಮಗಳ ಜಾಕೆಟ್ ಹಾಕಿಕೊಂಡು ಸೀರೆಯ ಮೇಲೆ ಒಂದು ವಿಚಿತ್ರ ವೇಷದಲ್ಲಿ ರೈಲು ಹತ್ತಿದಳು.

ಮಗಳ ಮನೆ ವ್ಜೆಶ್ಚ್ ಅನ್ನುವ ಬಡಾವಣೆಯಲ್ಲಿ. ಹೆಸರು ಉಚ್ಚರಿಸಲು ಮೂರು ಸಲ ಪ್ರಯತ್ನಿಸಿ ಕೈಬಿಟ್ಟೆ, ಐದು ದಿನವೂ 'ನಿಮ್ಮ ಬಡಾವಣೆ' ಅಂತಲೇ ಕರೆದೆ. ಊಟ ಮುಗಿಸಿ ಕಾಲಾಡಿಸಲು ಹೋದಾಗ ಟ್ರಾಮ್ ಓಡುವ ದೊಡ್ಡ ರಸ್ತೆಯ ಪಕ್ಕ ಒಬ್ಬ ಹೆಂಗಸಿನ ಪ್ರತಿಮೆ ಕಂಡಿತು. ಯಾರೋ ಕವಯಿತ್ರಿ ಇರಬೇಕು ಅಂದುಕೊಂಡು ಮುಂದೆ ನಡೆದೆ.

ಎರಡನೇ ದಿನ

ಹಳೆಯ ಊರು ನೋಡಲು ಹೊರಟೆವು. ಬಂಗಾರದ ಬಾಗಿಲು ಅನ್ನುವ ಕಮಾನು ದಾಟಿದರೆ ದ್ವುಗಾ ಬೀದಿ, ಅಂದರೆ ಉದ್ದದ ಬೀದಿ. ಅದು ಮುಂದೆ ಹೋಗಿ ಅಗಲವಾಗಿ ದ್ವುಗಿ ತಾರ್ಗ್ ಆಗುತ್ತದೆ, ಉದ್ದದ ಸಂತೆ. ಎರಡೂ ಕಡೆ ಮೂರು ಕಿಟಕಿ ಅಗಲದ, ನಾಲ್ಕೈದು ಅಂತಸ್ತಿನ ವರ್ತಕರ ಮನೆಗಳು. ಒಂದಕ್ಕೆ ಗುಲಾಬಿ ಬಣ್ಣ, ಪಕ್ಕದ್ದಕ್ಕೆ ಪಾಚಿ ಹಸಿರು, ಅದರಾಚೆಯದಕ್ಕೆ ಬಂಗಾರದ ರೇಕು. ನೆತ್ತಿಯ ಮೇಲೆಲ್ಲ ಬೊಂಬೆಗಳು. ನಡುವೆ 1633ರಲ್ಲಿ ನಿಲ್ಲಿಸಿದ ನೆಪ್ಚೂನ್ ಕಾರಂಜಿ, ಸಮುದ್ರದೇವತೆ ತ್ರಿಶೂಲ ಹಿಡಿದು ನಿಂತಿದ್ದಾನೆ. ನನ್ನಾಕೆ ಕೈಮುಗಿದಳೋ ಏನೋ ಅಂತ ನನಗೆ ಅನುಮಾನ, ಅವಳು ಒಪ್ಪುವುದಿಲ್ಲ.

"ಎಷ್ಟು ಹಳೇದಮ್ಮ ಈ ಮನೆಗಳು?" ಅಂದೆ.

"ನಿನ್ನ ವಯಸ್ಸು ಅಪ್ಪ," ಅಂದಳು ಮಗಳು.

ತಮಾಷೆ ಅಂದುಕೊಂಡೆ. ತಮಾಷೆಯಲ್ಲ. 1945ರ ಮಾರ್ಚಿನಲ್ಲಿ ರಷ್ಯನ್ನರ ಕೆಂಪು ಸೇನೆ ಈ ಊರನ್ನು ಜರ್ಮನರಿಂದ ಹಿಡಿದುಕೊಳ್ಳುವ ಹೊತ್ತಿಗೆ ಊರಿನ ಹಳೆಯ ಭಾಗದಲ್ಲಿ ನೂರಕ್ಕೆ ತೊಂಬತ್ತು ಪಾಲು ಇಟ್ಟಿಗೆ ರಾಶಿಯಾಗಿತ್ತು. ಅಲ್ಲಿಯವರೆಗೆ ಊರಿನ ಹೆಸರು ಡಾನ್ಜಿಗ್, ಬಹುಪಾಲು ಜನ ಜರ್ಮನ್ ಮಾತಾಡುವವರು. ಯುದ್ಧ ಮುಗಿದ ಮೇಲೆ ಅವರು ಓಡಿದರು, ಉಳಿದವರನ್ನು ಓಡಿಸಲಾಯಿತು. ಅವರ ಜಾಗಕ್ಕೆ ಪೂರ್ವದಲ್ಲಿ ತಮ್ಮ ಊರು ಕಳೆದುಕೊಂಡ ಪೋಲಿಷರು ಬಂದರು, ವಿಲ್ನಿಯಸ್, ಲ್ವೂಫ್ ಕಡೆಯಿಂದ. ಹೀಗೆ ಬಂದವರು ತಾವು ಹಿಂದೆಂದೂ ಬಾಳದ ಊರನ್ನು ಹಳೇ ಚಿತ್ರ, ಫೋಟೋ ಇಟ್ಟುಕೊಂಡು ಮತ್ತೆ ಕಟ್ಟಿದರು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನರು ಸೇರಿಸಿದ್ದನ್ನು ಬೇಕೆಂದೇ ಕೈಬಿಟ್ಟು, ಅದಕ್ಕೂ ಹಿಂದಿನ ವೈಭವದ ಕಾಲದ್ದನ್ನು ಮಾತ್ರ ಆರಿಸಿಕೊಂಡರಂತೆ. ನೆಪ್ಚೂನನನ್ನು ಯುದ್ಧದ ಹೊತ್ತಿನಲ್ಲಿ ಬಚ್ಚಿಟ್ಟಿದ್ದರು, ಅವನು ಮತ್ತೆ ತನ್ನ ಜಾಗಕ್ಕೆ ಬಂದದ್ದು 1954ರಲ್ಲಿ. ನಾನು ಹುಟ್ಟಿದ್ದು 1956.

ನನಗೆ ತುಂಬಾ ಹಿಡಿಸಿದ್ದು ಮುಂಬದಿಯಲ್ಲ, ಹಿಂಬದಿ. ಒಂದು ಕಮಾನಿನ ಕೆಳಗೆ ನುಸುಳಿ ಮನೆಗಳ ಹಿಂದಕ್ಕೆ ಹೋದೆ. ಬಂಗಾರವಿಲ್ಲ, ಬೊಂಬೆಯಿಲ್ಲ. ಸಾದಾ ಗಾರೆ ಗೋಡೆ, ಸಾಲು ಕಿಟಕಿ, ಬಾಲ್ಕನಿಯಲ್ಲಿ ಒಣಗುವ ಬನಿಯನ್ನು. ನಡುವಿನ ಅಂಗಳದಲ್ಲಿ ಕಬ್ಬಿಣದ ಪೈಪು ಬಗ್ಗಿಸಿ ವೆಲ್ಡ್ ಮಾಡಿದ ಒಂದು ಚೌಕಟ್ಟು. ಮಕ್ಕಳಾಟಕ್ಕೆ ಅಂದುಕೊಂಡರೆ ರತ್ನಗಂಬಳಿ ನೇತುಹಾಕಿ ಧೂಳು ಬಡಿಯುವುದಕ್ಕೆ ಅಂತೆ. ಮಕ್ಕಳು ಅದರಲ್ಲೇ ಬಾವಲಿ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಕಮ್ಯುನಿಸ್ಟ್ ಸರ್ಕಾರ ಈ ಬೀದಿಯನ್ನು ಕಟ್ಟಿಸಿದ್ದು ಕಾರ್ಮಿಕರು ವಾಸ ಮಾಡಲಿ ಅಂತ. ಮುಂದೆ ವರ್ತಕನ ಅರಮನೆ, ಹಿಂದೆ ಅಚ್ಚುಕಟ್ಟಾದ ಕ್ವಾರ್ಟರ್ಸು! ನಮ್ಮ ಕಾರ್ಖಾನೆಯ ಟೌನ್‌ಶಿಪ್ಪಿನ ಬಿ ಟೈಪ್ ಬ್ಲಾಕನ್ನು ಮೈಸೂರು ಅರಮನೆಯ ಮುಖವಾಡದ ಹಿಂದೆ ಇಟ್ಟ ಹಾಗೆ. ಇದನ್ನು ನಕಲಿ ಅಂತ ಮೂಗು ಮುರಿಯುವವರಿದ್ದಾರೆ. ನನಗೇನೋ ಮುಖಕ್ಕಿಂತ ಬೆನ್ನೇ ನಿಜ ಅನಿಸಿತು.

ಸಂತೆಬೀದಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ದೊಡ್ಡ ಥರ್ಮಾಮೀಟರ್ ಇದೆ. ಫ್ಯಾರನ್‌ಹೀಟ್ ಹುಟ್ಟಿದ್ದು ಇದೇ ಊರಿನಲ್ಲಿ, 1686ರಲ್ಲಿ. "ಜ್ವರದ ಫ್ಯಾರನ್‌ಹೀಟೇ?" ಅಂತ ನನ್ನಾಕೆ ಹಿಗ್ಗಿದಳು. ಹುಟ್ಟಿದೂರಲ್ಲಿ ಈಗ ಎಲ್ಲರೂ ಸೆಲ್ಸಿಯಸ್. ನಮ್ಮಲ್ಲಿ ಮಗುವಿಗೆ ಜ್ವರ ಬಂದರೆ ಇಂದಿಗೂ 'ನೂರಾ ಎರಡು' ಅಂತೀವಿ.

ಮಧ್ಯಾಹ್ನದ ಊಟ ಹಾಲಿನ ಬಾರ್‌ನಲ್ಲಿ. ಬಾರ್ ಅಂದರೆ ಗಾಬರಿ ಬೇಡ. ಹಾಲು, ಮೊಸರು, ಹಿಟ್ಟಿನ ತಿಂಡಿಯ ಸರ್ಕಾರಿ ಸಹಾಯಧನದ ಕ್ಯಾಂಟೀನು. ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ, ಚೀಟಿ ಕೊಟ್ಟು ತಟ್ಟೆ, ತಿಂದ ಮೇಲೆ ತಟ್ಟೆಯನ್ನು ನಾವೇ ಕಿಂಡಿಗೆ ಒಪ್ಪಿಸಬೇಕು. ಕಾರ್ಖಾನೆ ಕ್ಯಾಂಟೀನಿನ ಘಮ, ಅದೇ ಸ್ಟೀಲ್ ಟ್ರೇಗಳ ಸದ್ದು. ಪಿಯೆರೋಗಿ ತೆಗೆದುಕೊಂಡೆವು. ಕರ್ಜಿಕಾಯಿ ಆಕಾರ, ಕಡುಬಿನ ಹಾಗೆ ಬೇಯಿಸಿದ್ದು, ಒಳಗೆ ಆಲೂಗಡ್ಡೆ ಮತ್ತು ಹಿಂಡಿದ ಮೊಸರಿನಂಥ ಗಿಣ್ಣು. ಮೇಲೆ ಹುರಿದ ಈರುಳ್ಳಿ ಉದುರಿಸಿದ್ದರು. ನನ್ನಾಕೆ ಎರಡು ತಿಂದು ಮೂರನೆಯದಕ್ಕೆ ಕೈ ಹಾಕುವಾಗ ಮಗಳು ಓಡಿ ಬಂದಳು: ಈರುಳ್ಳಿಯ ಜೊತೆ ಹುರಿದಿದ್ದ ಕಂದು ಚೂರು ಈರುಳ್ಳಿಯಲ್ಲ, ಹಂದಿಯ ಕೊಬ್ಬು. ನನ್ನಾಕೆ ಏನೂ ಅನ್ನಲಿಲ್ಲ. ಬೀಟ್‌ರೂಟಿನ ಕೆಂಪು ಸಾರನ್ನು ಬಾಯಿಗಿಟ್ಟು, "ಇದಕ್ಕೆ ಒಗ್ಗರಣೆ ಹಾಕೋದೇ ಮರೆತಿದ್ದಾರೆ ಪಾಪ" ಅಂದಳು. ಸಂಜೆ ಮನೆಗೆ ಬಂದು ತಲೆಸ್ನಾನ ಮಾಡಿದಳು, ಅಷ್ಟೇ.

ಆ ನಡುವೆ ಸಂತ ಮೇರಿಯ ಚರ್ಚು. ಬರೀ ಇಟ್ಟಿಗೆಯ ಕಟ್ಟಡ, 1343ರಲ್ಲಿ ಶುರು ಮಾಡಿ 1502ರಲ್ಲಿ ಮುಗಿಸಿದ್ದು, ನೂರೈದು ಮೀಟರ್ ಉದ್ದ. ಗೋಪುರಕ್ಕೆ ನಾನೂರಕ್ಕೂ ಹೆಚ್ಚು ಮೆಟ್ಟಿಲು, ಮಂಡಿ ಇಲ್ಲ ಅಂದಿತು. ಒಳಗೆ ಹದಿನೈದನೇ ಶತಮಾನದ ಖಗೋಳ ಗಡಿಯಾರ, ಹದಿನಾಲ್ಕು ಮೀಟರ್ ಎತ್ತರ. ಮಾಡಿದವನು ಹಾನ್ಸ್ ಡ್ಯೂರಿಂಗರ್. ಇನ್ನೊಂದು ಊರಿಗೆ ಇಂಥದ್ದನ್ನು ಮಾಡಿಕೊಡಬಾರದು ಅಂತ ಅವನ ಕಣ್ಣು ಕಿತ್ತರು ಅನ್ನುವುದು ದಂತಕತೆ. ಬೇಲೂರಿನಲ್ಲಿ ಜಕಣಾಚಾರಿ ಕೈ ಕಡಿದುಕೊಂಡ, ಇಲ್ಲಿ ಡ್ಯೂರಿಂಗರ್ ಕಣ್ಣು ಕಳೆದುಕೊಂಡ. ಕುಶಲ ಕೆಲಸಗಾರನಿಗೆ ಪೂರ್ತಿ ಕೈಕಾಲು ಉಳಿಸುವ ಕತೆಯನ್ನು ಯಾವ ಊರಿನವರೂ ಕಟ್ಟುವುದಿಲ್ಲವೋ ಏನೋ.

ಚರ್ಚಿನ ಹಿಂದಿನ ಮಾರಿಯಾತ್ಸ್ಕಾ ಬೀದಿ ಇಡೀ ಊರಿನಲ್ಲೇ ನನ್ನಾಕೆಗೆ ಇಷ್ಟವಾದದ್ದು. ಪ್ರತಿ ಮನೆಯ ಮುಂದೆ ಎತ್ತರದ ಕಲ್ಲಿನ ಜಗಲಿ. ಹೌದು, ಜಗಲಿಯೇ. ಮೆಟ್ಟಿಲು ಹತ್ತಿ ಜಗಲಿಗೆ, ಅಲ್ಲಿಂದ ಮನೆಯೊಳಕ್ಕೆ. ಮಳೆನೀರು ಉಗುಳಲು ಜಗಲಿಯ ಮೂಲೆಗಳಲ್ಲಿ ಕಲ್ಲಿನ ಮೃಗದ ತಲೆಗಳು. ಜಗಲಿಗಳ ಮೇಲೆ, ಕೆಳಗೆ, ಪಕ್ಕ ಎಲ್ಲ ಕಡೆ ಅಂಬರ್ ಅಂಗಡಿ.

ಬಾಲ್ಟಿಕ್ ತೀರದ ಅಂಬರ್ ಅಂದರೆ ಸುಮಾರು ನಾಲ್ಕು ಕೋಟಿ ವರ್ಷದ ಹಿಂದಿನ ಮರಗಳ ಅಂಟು, ಗಟ್ಟಿಯಾದದ್ದು. ಬಿರುಗಾಳಿಯ ಮಾರನೇ ದಿನ ಮರಳಿನಲ್ಲಿ ಈಗಲೂ ಸಿಗುತ್ತದೆ. ಅಸಲಿಯೋ ಪ್ಲಾಸ್ಟಿಕ್ಕೋ ಅಂತ ಹೇಗೆ ತಿಳಿಯೋದು ಅಂದಾಗ ಅಂಗಡಿಯಾಕೆ ಗಾಜಿನ ಲೋಟದಲ್ಲಿ ಉಪ್ಪುನೀರು ಕಲಸಿ ಒಂದು ಹಳದಿ ಹರಳು ಹಾಕಿದಳು. ತೇಲಿತು. ನೋಡಲು ಅದೇ ಥರದ ಇನ್ನೊಂದು ಮುಳುಗಿತು. ಆಮೇಲೆ ಟಿಶ್ಯೂ ಕಾಗದವನ್ನು ಅಕ್ಕಿಕಾಳಿನಷ್ಟು ಚೂರು ಮಾಡಿ, ಹರಳನ್ನು ತನ್ನ ಉಣ್ಣೆ ಶಾಲಿಗೆ ತಿಕ್ಕಿ ಹತ್ತಿರ ಹಿಡಿದಳು. ಚೂರುಗಳು ಎದ್ದು ಅಂಟಿಕೊಂಡವು. ಒಂದೆರಡು ಅಂಟಿಯೂ ನಡುಗುತ್ತಿದ್ದವು. "ಸ್ಕೂಲಲ್ಲಿ ಬಾಚಣಿಗೆ ತಿಕ್ಕಿ ತೋರಿಸ್ತಿದ್ರಲ್ರೀ, ಅದೇ ಇದು!" ಅಂದಳು ನನ್ನಾಕೆ. ಅದೇ. ಹುಲ್ಲುಕಡ್ಡಿ ಎಳೆಯುತ್ತದೆ ಅಂತಲೇ ಸಂಸ್ಕೃತದಲ್ಲಿ ಇದಕ್ಕೆ ತೃಣಮಣಿ ಅನ್ನುವ ಹೆಸರು. ಗ್ರೀಕರು ಎಲೆಕ್ಟ್ರಾನ್ ಅಂದರು, ಅದರಿಂದಲೇ ಎಲೆಕ್ಟ್ರಿಸಿಟಿ, ಅದರಿಂದಲೇ ವಿಮಾನ ನಿಲ್ದಾಣದ ಎಲೆಕ್ಟ್ರಿಷಿಯನ್ನು.

ಜೇನಿನ ಬಣ್ಣದ ಬಳೆಯೊಂದನ್ನು ಹಾಕಿಕೊಂಡು ಕೈ ತಿರುಗಿಸಿ ತಿರುಗಿಸಿ ನೋಡಿದಳು. ಇಲ್ಲಿನ ದುಡ್ಡು ಝ್ಲೋಟಿ, ಆಗ ಒಂದಕ್ಕೆ ಇಪ್ಪತ್ತೊಂದೋ ಇಪ್ಪತ್ತೆರಡೋ ರೂಪಾಯಿ ಇತ್ತು. ಬೆಲೆಯ ಚೀಟಿಯನ್ನು ನಾನು ಮನಸ್ಸಿನಲ್ಲೇ ಗುಣಿಸುತ್ತಿದ್ದದ್ದು ಮುಖದಲ್ಲಿ ಕಂಡಿರಬೇಕು. ಬಳೆ ಬಿಚ್ಚಿಟ್ಟು, "ಎಂಬತ್ತೊಂದರ ಬಳೆ ಬಾಕಿ ಇದೆ, ನೆನಪಿರ್ಲಿ" ಅಂದು ಆಚೆ ಬಂದಳು.

ಮೂರನೇ ದಿನ

ಇವತ್ತು ಹೋದದ್ದು ಒಂದೇ ಕಡೆ. ಮಗಳಿಗೆ ಆಫೀಸು, ನನ್ನಾಕೆ ಕಾಣೆಯಾದ ಪೆಟ್ಟಿಗೆ ಮನೆಗೆ ಬರುತ್ತದೆ ಅಂತ ಕಾಯುತ್ತಾ ಉಳಿದಳು (ಬಂತು, ಹಪ್ಪಳ ಪುಡಿಯಾಗಿತ್ತು). ನಾನೊಬ್ಬನೇ ಮೊತ್ವಾವಾ ನದಿಯ ದಡಕ್ಕೆ ಹೋದೆ, ಝುರಾವ್ ನೋಡಲು.

ಝುರಾವ್ ಅಂದರೆ ಪೋಲಿಷ್ ಭಾಷೆಯಲ್ಲಿ ಉದ್ದ ಕಾಲಿನ, ಕೊಕ್ಕರೆಯಂಥ ಆ ಹಕ್ಕಿಯೂ ಹೌದು, ಭಾರ ಎತ್ತುವ ಯಂತ್ರವೂ ಹೌದು, ಇಂಗ್ಲಿಷಿನ ಕ್ರೇನ್ ಇದ್ದ ಹಾಗೆ. ಎರಡು ದುಂಡನೆಯ ಇಟ್ಟಿಗೆ ಗೋಪುರ, ಅವುಗಳ ನಡುವೆ ಕಪ್ಪು ಮರದ ಭಾರಿ ಕಟ್ಟಡ, ಅದರ ನೆತ್ತಿ ನೀರಿನ ಮೇಲಕ್ಕೆ ಚಾಚಿಕೊಂಡಿದೆ. 1440ರ ದಶಕದಲ್ಲಿ ಕಟ್ಟಿದ್ದು. ಕೆಳಗೆ ಊರಿನ ಬಾಗಿಲು, ಮೇಲೆ ಬಂದರಿನ ಕ್ರೇನು. ಮರದ ಭಾಗ 1945ರಲ್ಲಿ ಸುಟ್ಟು ಹೋಗಿತ್ತು, ಮತ್ತೆ ಕಟ್ಟಿದರು. ಈಚೆಗೆ ವರ್ಷಗಟ್ಟಲೆ ದುರಸ್ತಿ ಮಾಡಿ 2024ರ ವಸಂತದಲ್ಲಿ ತೆರೆದಿದ್ದಾರೆ.

ಮೋಟರ್ ಇಲ್ಲ, ಉಗಿ ಇಲ್ಲ. ಒಳಗೆ ಮರದ ಚಕ್ರಗಳು, ಅಡ್ಡಳತೆ ಆರು ಮೀಟರಿನ ಹತ್ತಿರ, ಕೆಳಗೊಂದು ಜೋಡಿ ಮೇಲೊಂದು ಜೋಡಿ. ಚಕ್ರದ ಒಳಗೆ ಮನುಷ್ಯರು ನಿಲ್ಲಬೇಕು, ನಡೆಯಬೇಕು. ಪಂಜರದಲ್ಲಿ ಬಿಳಿ ಇಲಿ ಓಡುತ್ತದಲ್ಲ, ಥೇಟು ಹಾಗೆ. ದೊಡ್ಡ ಚಕ್ರ ತಿರುಗಿದರೆ ನಡುವಿನ ದಿಮ್ಮಿ ತಿರುಗುತ್ತದೆ, ದಿಮ್ಮಿಗೆ ಹಗ್ಗ ಸುತ್ತುತ್ತದೆ, ಭಾರ ಮೇಲೆ ಬರುತ್ತದೆ. ನಾಲ್ಕು ಟನ್ ಭಾರವನ್ನು ಹನ್ನೊಂದು ಮೀಟರ್ ಎತ್ತರಕ್ಕೆ ಎತ್ತುತ್ತಿತ್ತಂತೆ. ಹಡಗಿಗೆ ಪಟದ ಕಂಬ ನೆಡುವುದಕ್ಕೂ ಇದೇ.

ನಾನು ಚಕ್ರದ ಮುಂದೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಚಕ್ರ ಒಂದು ಸುತ್ತು ಬರಬೇಕಾದರೆ ಒಳಗಿನವನು ಹತ್ತೊಂಬತ್ತು ಮೀಟರ್ ನಡೆಯಬೇಕು, ಅದೂ ಸಮತಟ್ಟಿನಲ್ಲಲ್ಲ, ದಿಬ್ಬ ಹತ್ತಿದ ಹಾಗೆ. ಹೆಜ್ಜೆ ಹಾಕಿದಷ್ಟೂ ದಿಬ್ಬ ಕೆಳಗೆ ಸರಿಯುತ್ತದೆ. ಎತ್ತುವುದು ಕಷ್ಟವಲ್ಲ, ಯಾವ ಕ್ರೇನ್ ಆಪರೇಟರನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಇಳಿಸುವುದೇ ಕಷ್ಟ. ಭಾರ ತನ್ನ ತೂಕದಿಂದಲೇ ಇಳಿಯಲು ಹೊರಟರೆ ಚಕ್ರ ಹಿಂದಕ್ಕೆ ತಿರುಗುತ್ತದೆ, ಒಳಗಿನವನು ಹಿಂದಕ್ಕೆ ಹೆಜ್ಜೆ ಇಡುತ್ತಾ ತಡೆಯಬೇಕು. ಕಾಲು ಜಾರಿದರೆ ಮುಗಿಯಿತು. ನನ್ನ ಕ್ರೇನಿಗೆ ಬ್ರೇಕ್ ಡ್ರಮ್ ಇತ್ತು, ಲಿಮಿಟ್ ಸ್ವಿಚ್ ಇತ್ತು. ಒಂದು ಮಧ್ಯಾಹ್ನ ಬ್ರೇಕ್ ಶೂ ಸವೆದು ಎಂಟು ಟನ್ನಿನ ಕಾಸ್ಟಿಂಗ್ ಎರಡಡಿ ಜಾರಿ ನಿಂತದ್ದು, ಕೆಳಗಿದ್ದ ಸ್ಲಿಂಗರ್ ಬಿಳಿಚಿಕೊಂಡು ನನ್ನತ್ತ ನೋಡಿದ್ದು ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಇಲ್ಲಿನವರಿಗೆ ಬ್ರೇಕ್ ಅಂದರೆ ಅವರ ಮೈಯೇ.

ಒಳಗಿನ ಮ್ಯೂಸಿಯಂ ಹೇಳುವುದು ಬಂದರಿನ ಸಿರಿಯ ಕತೆ. ಪೋಲೆಂಡಿನ ಒಳನಾಡಿನ ರೈ ಧಾನ್ಯ ವಿಸ್ತುಲಾ ನದಿಯಲ್ಲಿ ತೆಪ್ಪ, ದೋಣಿಗಳ ಮೇಲೆ ತೇಲಿ ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ಹಡಗೇರಿ ಆಮ್‌ಸ್ಟರ್‌ಡ್ಯಾಮಿಗೆ. ಎದುರು ದಂಡೆಯಲ್ಲಿ ಕಣಜಗಳಿಗೇ ಮೀಸಲಾದ ದ್ವೀಪ. ಈಗ ಅಲ್ಲಿ ಹೋಟೆಲು, ಫ್ಲಾಟು. ಆ ರೈ ಹಣದಲ್ಲೇ ನಿನ್ನೆಯ ಬಂಗಾರದ ರೇಕು, ಬೊಂಬೆ, ಜಗಲಿ ಎಲ್ಲ. ವರ್ತಕರ ಹೆಸರು, ಚಿತ್ರ, ಉಂಗುರ, ಬೆಳ್ಳಿ ಲೋಟ ಎಲ್ಲ ಕಾಪಾಡಿ ಇಟ್ಟಿದ್ದಾರೆ. ಚಕ್ರದೊಳಗೆ ನಡೆದವನ ಹೆಸರು ಹುಡುಕಿದೆ, ಒಂದೂ ಕಣ್ಣಿಗೆ ಬೀಳಲಿಲ್ಲ. ಎರಡು ಗಂಟೆ ಅಲ್ಲೇ ಇದ್ದೆ. ಕಾವಲಿನ ಹೆಂಗಸು ಎರಡು ಸಲ ಬಂದು ನೋಡಿ ಹೋದಳು.

ನಾಲ್ಕನೇ ದಿನ

ದೋಣಿಯಲ್ಲಿ ವೆಸ್ಟರ್‌ಪ್ಲಾಟೆಗೆ. ನದಿ ಸಮುದ್ರ ಸೇರುವಲ್ಲಿ ಚಾಚಿಕೊಂಡ ಒಂದು ನಾಲಿಗೆಯಂಥ ನೆಲ. ಎರಡನೇ ಮಹಾಯುದ್ಧದ ಮೊದಲ ಗುಂಡುಗಳು ಹಾರಿದ ಜಾಗಗಳಲ್ಲಿ ಇದೂ ಒಂದು. ಸ್ನೇಹದ ಭೇಟಿ ಅಂತ ಬಂದು ಲಂಗರು ಹಾಕಿದ್ದ ಜರ್ಮನ್ ಯುದ್ಧನೌಕೆ ಶ್ಲೆಸ್ವಿಗ್ ಹೋಲ್‌ಸ್ಟೈನ್ 1939ರ ಸೆಪ್ಟೆಂಬರ್ 1ರ ಬೆಳಗಿನ ಜಾವ ಇಲ್ಲಿನ ಪೋಲಿಷ್ ಠಾಣೆಯ ಮೇಲೆ ಗುಂಡು ಸುರಿಸಿತು. ಮೇಜರ್ ಸುಖಾರ್ಸ್ಕಿಯ ಕೆಳಗೆ ಇದ್ದವರು ಇನ್ನೂರು ಜನರ ಆಸುಪಾಸು. ಏಳು ದಿನ ತಡೆದರು. ಒಡೆದ ಬ್ಯಾರಕ್ಕಿನ ಕಾಂಕ್ರೀಟು ಹಾಗೇ ಬಿದ್ದಿದೆ, ಒಳಗಿನ ಕಬ್ಬಿಣದ ಸರಳು ಬಾಗಿ ಹೊರಬಂದಿವೆ. ದಿಣ್ಣೆಯ ಮೇಲೆ 1966ರ ಸ್ಮಾರಕ. ಕೆಳಗೆ ದೊಡ್ಡ ಅಕ್ಷರಗಳಲ್ಲಿ 'ಇನ್ನೆಂದೂ ಯುದ್ಧ ಬೇಡ' ಅಂತ ಪೋಲಿಷ್‌ನಲ್ಲಿ ಬರೆದಿದೆ. ಶಾಲೆಯ ಮಕ್ಕಳು ಆ ಅಕ್ಷರಗಳ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಚಿಪ್ಸ್ ತಿನ್ನುತ್ತಿದ್ದವು.

ದೋಣಿಯಿಂದ ಬರುವಾಗ ಹೋಗುವಾಗ ಎರಡೂ ಸಲ ನನ್ನ ಕಣ್ಣು ಹಡಗು ಕಾರ್ಖಾನೆಯ ಕಡೆಗೇ. ಆಕಾಶದ ತುಂಬ ಹಸಿರು, ಹಳದಿ ಕ್ರೇನುಗಳು, ಕುತ್ತಿಗೆ ಚಾಚಿ ನಿಂತ ಹಕ್ಕಿಗಳ ಹಾಗೆಯೇ. ಮಗಳು "ನಾಳೆ ಅಲ್ಲಿಗೇ" ಅಂದಳು.

ಮಧ್ಯಾಹ್ನ ಸೊಪೋತ್. ಐನೂರು ಮೀಟರಿಗೂ ಉದ್ದದ ಮರದ ಕಟ್ಟೆ ಸಮುದ್ರದೊಳಕ್ಕೆ ಚಾಚಿದೆ, ಅದರ ಮೇಲೆ ನಡೆಯಲು ಟಿಕೆಟ್. ಕುಮಟೆಯವಳಾದ ನನ್ನಾಕೆ ನಡೆದಾಟಕ್ಕೆ ದುಡ್ಡು ಕೊಡುವುದನ್ನು ಖಂಡಿಸಿ ಮರಳಿನಲ್ಲೇ ಉಳಿದಳು. ಸೀರೆ ಎತ್ತಿ ಮೊಣಕಾಲಿನವರೆಗೆ ನೀರಿಗಿಳಿದು, ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ತಾಕಿಸಿ ಮುಖ ಸಿಂಡರಿಸಿದಳು. "ಇದೆಂಥ ಸಮುದ್ರಾನೇ? ಉಪ್ಪೇ ಇಲ್ಲ!" ನಿಜ. ನಮ್ಮ ಸಮುದ್ರದಲ್ಲಿ ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪಾದರೆ ಈ ಕೊಲ್ಲಿಯಲ್ಲಿ ಏಳರ ಆಸುಪಾಸು. ಸುತ್ತಲಿಂದ ನದಿಗಳು ಸಿಹಿನೀರು ಸುರಿಯುತ್ತವೆ, ಮಹಾಸಾಗರಕ್ಕೆ ಸಿಕ್ಕುವ ಬಾಯಿ ಮಾತ್ರ ಕಿರಿದು. ಭರತ, ಇಳಿತ ಕೂಡ ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಯಾಕೆ ಲೋಟಕ್ಕೆ ಉಪ್ಪು ಕಲಸಿದ್ದು ಯಾಕೆ ಅಂತ ಆಗ ಹೊಳೆಯಿತು. ತೃಣಮಣಿ ತೇಲುವಷ್ಟು ಉಪ್ಪು ತೃಣಮಣಿಯ ಸಮುದ್ರದಲ್ಲೇ ಇಲ್ಲ.

ಒಲೀವಾ ಚರ್ಚಿನಲ್ಲಿ ಹದಿನೆಂಟನೇ ಶತಮಾನದ ಆರ್ಗನ್ ವಾದನ ಕೇಳಿದೆವು. ಎಂಟು ಸಾವಿರದ ಹತ್ತಿರ ಕೊಳವೆಗಳು, ನುಡಿಸುವಾಗ ಮರದ ದೇವದೂತರು ಕಹಳೆ ಆಡಿಸುತ್ತಾರೆ. ನಾನು ಅರ್ಧದಲ್ಲಿ ತೂಕಡಿಸಿದೆ.

ಸಂಜೆ ತಲೆನೋವಿಗೆ ಮಾತ್ರೆ ತರುತ್ತೇನೆ ಅಂತ ಸುಳ್ಳು ಹೇಳಿ ರೈಲು ಹಿಡಿದು ಮಾರಿಯಾತ್ಸ್ಕಾ ಬೀದಿಗೆ ಹೋದೆ. ಅಂಗಡಿ ಮುಚ್ಚಲು ಹತ್ತು ನಿಮಿಷ ಇತ್ತು. ಈ ಸಲ ಗುಣಿಸಲಿಲ್ಲ.

ಐದನೇ ದಿನ

ಹಡಗು ಕಾರ್ಖಾನೆಯ ಎರಡನೇ ಗೇಟು. ಮಾಮೂಲಿ ಕಬ್ಬಿಣದ ಗೇಟು, ಪಕ್ಕದಲ್ಲಿ ಸೆಕ್ಯುರಿಟಿ ಕೋಣೆ. ಮೂವತ್ತೆಂಟು ವರ್ಷ ನಾನು ಪಂಚ್ ಮಾಡಿ ಒಳಹೋದ ಗೇಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಕಂಬಿಗೆ ಕಟ್ಟಿದ್ದ ಹೂಗುಚ್ಛಗಳು ಒಣಗಿ ಬಾಡಿದ್ದವು, ಆಗಸ್ಟ್ 31ರವು. 1980ರಲ್ಲಿ ಆ ದಿನವೇ ಸರ್ಕಾರ ಕಾರ್ಮಿಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು. ಗೇಟಿನ ಮುಂದೆ ನಲವತ್ತೆರಡು ಮೀಟರ್ ಎತ್ತರದ ಮೂರು ಉಕ್ಕಿನ ಶಿಲುಬೆಗಳು, ನೆತ್ತಿಯಲ್ಲಿ ಲಂಗರುಗಳು ನೇತಾಡುತ್ತಿವೆ. 1970ರ ಡಿಸೆಂಬರಿನಲ್ಲಿ ಬೆಲೆಯೇರಿಕೆ ವಿರೋಧಿಸಿದ್ದಕ್ಕೆ ಗುಂಡು ತಿಂದು ಸತ್ತವರ ನೆನಪಿಗೆ. ವೆಲ್ಡಿಂಗ್ ನೋಡಿದೆ. ಕಾರ್ಖಾನೆಯವರೇ ಮಾಡಿದ ಕೆಲಸ, ತಿಳಿಯುತ್ತದೆ.

ಪಕ್ಕದಲ್ಲೇ ಯುರೋಪಿಯನ್ ಸಾಲಿಡಾರಿಟಿ ಸೆಂಟರ್, 1980ರ ಮುಷ್ಕರದಿಂದ ಹುಟ್ಟಿದ ಸಾಲಿಡಾರಿಟಿ ಯೂನಿಯನ್ನಿನ ಮ್ಯೂಸಿಯಂ, 2014ರಲ್ಲಿ ತೆರೆದದ್ದು. ಹೊರಗೋಡೆಗೆಲ್ಲ ತುಕ್ಕು. "ಇದೇನ್ರೀ, ಪೇಂಟ್ ಮಾಡಿಸಿಲ್ಲ" ಅಂದಳು ನನ್ನಾಕೆ. ಅದು ಕಾರ್‌ಟೆನ್ ಸ್ಟೀಲು, ನಮ್ಮಲ್ಲಿ ರೈಲ್ವೆ ವ್ಯಾಗನ್ನಿಗೆ ಹಾಕುತ್ತಾರೆ. ಮೇಲಿನ ತುಕ್ಕೇ ಒಳಗಿನ ಉಕ್ಕನ್ನು ಕಾಯುತ್ತದೆ. ಹಡಗಿನ ಮೈ ಕಾಣಲಿ ಅಂತ ಬೇಕೆಂದೇ ಹಾಗೆ ಬಿಟ್ಟಿದ್ದಾರೆ.

ಒಳಗೆ ಮೊದಲ ಕೋಣೆಯ ಛಾವಣಿ ತುಂಬ ಹಳದಿ ಹೆಲ್ಮೆಟ್ಟುಗಳು. ಒಂದು ಕಡೆ ಕ್ರೇನಿನ ಕ್ಯಾಬಿನ್ನು. ನಾನು ಅಲ್ಲೇ ನಿಂತುಬಿಟ್ಟೆ. ಅದೇ ಚಿಕ್ಕ ಗಾಜಿನ ಗೂಡು. ಬೇಸಿಗೆಯಲ್ಲಿ ಓವನ್ನು, ಮಳೆಗಾಲದಲ್ಲಿ ಸೋರುವ ಛಾವಣಿಗೆ ನಾವು ಕಟ್ಟಿಕೊಳ್ಳುತ್ತಿದ್ದ ಪ್ಲಾಸ್ಟಿಕ್ ಹಾಳೆ, ಶಿಫ್ಟು ಮುಗಿಯುವವರೆಗೂ ಮೂತ್ರಕ್ಕೆ ಇಳಿಯಲಾಗದೆ ತಡೆದುಕೊಂಡ ಸಂಜೆಗಳು, ಎಲ್ಲ ಒಂದೇ ಸಲ ನೆನಪಾದವು.

ಆ ಕ್ಯಾಬಿನ್ನು ಇಲ್ಲಿರುವುದು ಆನ್ನಾ ವಾಲೆಂತಿನೋವಿಚ್ ಕಾರಣಕ್ಕೆ. 1950ರಿಂದ ಈ ಕಾರ್ಖಾನೆಯಲ್ಲಿ ದುಡಿದವಳು, ಮೊದಲು ವೆಲ್ಡರ್, ಆಮೇಲೆ ಕ್ರೇನ್ ಆಪರೇಟರ್. ಸ್ವತಂತ್ರ ಯೂನಿಯನ್ ಕಟ್ಟಲು ಓಡಾಡಿದ್ದಕ್ಕೆ 1980ರ ಆಗಸ್ಟ್ 7ರಂದು ಅವಳನ್ನು ಕೆಲಸದಿಂದ ತೆಗೆದರು, ಪಿಂಚಣಿಗೆ ಐದು ತಿಂಗಳು ಇರುವಾಗ. ವಾರ ಕಳೆದು, ಆಗಸ್ಟ್ 14ರಂದು ಮುಷ್ಕರ ಶುರುವಾದಾಗ ಮೊದಲ ಬೇಡಿಕೆಯೇ ಅವಳನ್ನೂ, ಅದಕ್ಕೂ ಮುಂಚೆ ತೆಗೆದುಹಾಕಿದ್ದ ವವೆಂಸಾನನ್ನೂ ವಾಪಸು ತೆಗೆದುಕೊಳ್ಳಿ ಅಂತ. ನಿರ್ದೇಶಕರ ಕಾರಿನಲ್ಲೇ ಅವಳನ್ನು ಮನೆಯಿಂದ ಕರೆತಂದರಂತೆ! ಎರಡು ದಿನ ಕಳೆದು, ಸಂಬಳ ಹೆಚ್ಚಿಸುತ್ತೇವೆ ಅಂತ ಆಡಳಿತದವರು ಅಂದಾಗ ಮುಷ್ಕರದ ಮುಂದಾಳು ವವೆಂಸಾ ಮುಷ್ಕರ ಮುಗಿಯಿತು ಅಂತ ಘೋಷಿಸಿಬಿಟ್ಟ. ಜನ ಮನೆಗೆ ಹೊರಟಿದ್ದರು. ಗೇಟಿಗೆ ಓಡಿ ಅವರನ್ನು ತಡೆದವರು ಹೆಂಗಸರು: ಆನ್ನಾ, ನರ್ಸ್ ಆಲಿನಾ ಪ್ಯೆಂಕೋವ್ಸ್ಕಾ, ಟ್ರಾಮ್ ಓಡಿಸುವ ಹೆನ್ರಿಕಾ ಕ್ಶಿವೋನೋಸ್. ನಮ್ಮನ್ನು ನಂಬಿ ಕೆಲಸ ನಿಲ್ಲಿಸಿದ ಸಣ್ಣ ಕಾರ್ಖಾನೆಗಳ ಗತಿಯೇನು ಅಂತ ಅವರ ವಾದ. ಮುಷ್ಕರ ಮುಂದುವರಿಯಿತು. ಆನ್ನಾ 2010ರಲ್ಲಿ ಸ್ಮೊಲೆನ್ಸ್ಕ್ ವಿಮಾನ ದುರಂತದಲ್ಲಿ, ದೇಶದ ಅಧ್ಯಕ್ಷರ ಜೊತೆಗೇ ತೀರಿಕೊಂಡಳು.

"ನಮ್ಮ ಮನೆ ಹತ್ರ ಪ್ರತಿಮೆ ನೋಡಿದ್ಯಲ್ಲ ಅಪ್ಪ, ಅದು ಇವರದ್ದೇ," ಅಂದಳು ಮಗಳು.

ಕವಯಿತ್ರಿ ಅಂದುಕೊಂಡಿದ್ದೆ ನಾನು.

ಗೋಡೆಗೆ ಎರಡು ಪ್ಲೈವುಡ್ ಹಲಗೆ, ಕೈಬರಹದಲ್ಲಿ ಇಪ್ಪತ್ತೊಂದು ಬೇಡಿಕೆ. ಈಗ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಯಲ್ಲಿವೆ. ಮಗಳು ಒಂದೊಂದೇ ಕನ್ನಡಕ್ಕೆ ಹೇಳುತ್ತಾ ಹೋದಳು. ಸ್ವತಂತ್ರ ಯೂನಿಯನ್. ಮುಷ್ಕರದ ಹಕ್ಕು. ತಿಂಗಳಿಗೆ ಎರಡು ಸಾವಿರ ಝ್ಲೋಟಿ ಹೆಚ್ಚಳ. ಮಾಂಸಕ್ಕೆ ರೇಷನ್ ಚೀಟಿ. ಮಕ್ಕಳಿಗೆ ಶಿಶುವಿಹಾರ. ಮನೆಗೆ ಕಾಯುವ ಅವಧಿ ಕಡಿಮೆ ಮಾಡಿ. ಇಪ್ಪತ್ತೊಂದನೆಯದು: ಶನಿವಾರ ರಜೆ ಕೊಡಿ. ದೊಡ್ಡ ಕ್ರಾಂತಿಯ ಕೊನೆಯ ಸಾಲು ಶನಿವಾರದ ರಜೆ. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅದೇ ವರ್ಷ ಡಿಸೆಂಬರ್ ಕೊನೆಗೆ ನಾವೂ ಕೆಲಸ ನಿಲ್ಲಿಸಿದ್ದೆವು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳೆಲ್ಲ ಸೇರಿ, ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳಕ್ಕಾಗಿ. ಎರಡೂವರೆ ತಿಂಗಳು ನಡೆಯಿತು. ಯೂನಿಯನ್ ಆಫೀಸಿನಲ್ಲಿ ಬೀಡಿ ಹೊಗೆಯ ನಡುವೆ ಪೋಲೆಂಡಿನ ವಿಷಯಕ್ಕೇ ಜಗಳ. ಕಾರ್ಮಿಕರ ಸರ್ಕಾರದ ವಿರುದ್ಧ ಕಾರ್ಮಿಕರೇ ನಿಲ್ಲೋದು ಅಂದ್ರೇನು, ಇದು ಅಮೆರಿಕದ ಆಟ ಅಂತ ಒಬ್ಬರು. ಹೊಟ್ಟೆಗೆ ಯಾವ ಸರ್ಕಾರವಾದರೇನು ಅಂತ ಇನ್ನೊಬ್ಬರು. ಆಗ ನಾನು ಮೊದಲನೆಯವರ ಕಡೆ ಇದ್ದೆ, ಈಗ ಹೇಳಲು ನಾಚಿಕೆಯೇನಿಲ್ಲ. ಹೊಸದಾಗಿ ಮದುವೆಯಾಗಿತ್ತು. ಫೆಬ್ರವರಿಯಲ್ಲಿ ನನ್ನಾಕೆ ತವರಿನ ಜೋಡಿ ಬಳೆ ಬಿಚ್ಚಿಕೊಟ್ಟಳು, ಅಡವಿಟ್ಟು ಅಕ್ಕಿ ತಂದೆ. ಮಾರ್ಚಿನಲ್ಲಿ ಕೇಳಿದ್ದು ಸಿಗದೆ ಕೆಲಸಕ್ಕೆ ಮರಳಿದೆವು. ಬಳೆ ಬಿಡಿಸಿಕೊಳ್ಳಲಾಗಲಿಲ್ಲ, ಬಡ್ಡಿಗೆ ಮುಳುಗಿತು.

ಹಲಗೆಯ ಮುಂದೆ ನಿಂತಿದ್ದಾಗ ಜೇಬಿನಿಂದ ಪೊಟ್ಟಣ ತೆಗೆದು ಕೊಟ್ಟೆ. ಬಿಚ್ಚಿ ನೋಡಿ, ಸೆರಗಿಗೆ ತಿಕ್ಕಿ, ಮ್ಯೂಸಿಯಂ ಟಿಕೆಟ್ಟಿನ ಅಂಚು ಹರಿದು ಹತ್ತಿರ ಹಿಡಿದು ಪರೀಕ್ಷೆ ಮಾಡಿದಳು. ಚೂರು ಎದ್ದಿತು. "ಒಂದೇನಾ?" ಅಂದಳು. ಕಳೆದದ್ದು ಜೋಡಿ ತಾನೆ.

ಕಾರ್ಖಾನೆಯ ಒಳಗೆ ಈಗ ಓಡಾಡಬಹುದು. 1996ರಲ್ಲಿ ದಿವಾಳಿಯಾದ ಮೇಲೆ ಬಹುಭಾಗ ಖಾಲಿಯಾಯಿತು. ವವೆಂಸಾನ ನೆನಪು ತರುವ ಎಲೆಕ್ಟ್ರಿಷಿಯನ್ನರ ಬೀದಿಯಲ್ಲಿ ಈಗ ಬಿಯರು, ಸಂಗೀತ. ಗೆದ್ದ ಕಾರ್ಖಾನೆಯೂ ಉಳಿಯಲಿಲ್ಲ, ಸೋತ ನಮ್ಮ ಶೆಡ್ಡೂ ಅರ್ಧ ಖಾಲಿ. ಹಳೆಯ ಕ್ರೇನೊಂದನ್ನು ಜನ ಹತ್ತಿ ನೋಡಲು ಬಿಡುತ್ತಾರೆ. ನಾನು ಬೋರ್ಡ್ ನೋಡಿದ್ದೇ ತಡ ಮಗಳು, "ಅಪ್ಪ, ಮಂಡಿ!" ಅಂದಳು. ಚರ್ಚಿನ ಗೋಪುರಕ್ಕೆ ಇಲ್ಲ ಅಂದಿದ್ದ ಮಂಡಿ ಇದಕ್ಕೆ ತುಟಿಪಿಟಕ್ಕೆನ್ನಲಿಲ್ಲ. ಕಬ್ಬಿಣದ ಮೆಟ್ಟಿಲು, ಕೈಗೆ ಹತ್ತುವ ತುಕ್ಕಿನ ಪುಡಿ, ಗ್ರೀಸಿನ ಹಳೇ ವಾಸನೆ. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡೆ.

ಮೇಲಿನಿಂದ ಇಡೀ ಊರು ಕಾಣುತ್ತದೆ. ಸಂತ ಮೇರಿಯ ಇಟ್ಟಿಗೆ ಬೆನ್ನು, ಮೂರು ಶಿಲುಬೆಗಳು, ದೂರದಲ್ಲಿ ಉಪ್ಪಿಲ್ಲದ ಸಮುದ್ರ. ಗಾಳಿ ಜೋರಾಗಿತ್ತು. ಎಷ್ಟು ಹೊತ್ತು ಇದ್ದೆನೋ. ಕೆಳಗೆ ಬಗ್ಗಿ ನೋಡಿದರೆ ಅಂಗಳದಲ್ಲಿ ಜಾಕೆಟ್ ಹಾಕಿಕೊಂಡ ಸೀರೆಯ ಚುಕ್ಕೆ. ಕೂಗಿದ್ದು ಕೇಳಿಸಲಿಲ್ಲ. ಅವಳಿಗೂ ಅದು ಗೊತ್ತಾಯಿತು. ಕೈ ಕೆಳಕ್ಕೆ ಚಾಚಿ, ತೋರುಬೆರಳನ್ನು ನೆಲಕ್ಕೆ ಗುರಿಮಾಡಿ ಮೆಲ್ಲಗೆ ವೃತ್ತ ತಿರುಗಿಸಿದಳು.

ಹುಕ್ಕು ಇಳಿಸು. ಇಳಿದೆ.